ಲೋಟದ ತಳಕ್ಕಿಳಿದ ಕೆಂಪು

ಥಾಮ್‌ಳ ಕೈಗೆ ಎರಡು ಕಸುಬು. ವಾರವಿಡೀ ಸಾ ಡೆಕ್ ಊರಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ನರ್ಸ್. ಭಾನುವಾರ ಬಂತೆಂದರೆ ಊರವರ ಹಿರಿಯರ ತಿಥಿಗೆ ಜೆಲ್ಲಿಯೊಳಗೆ ಹೂವು ಅರಳಿಸುವವಳು. ಎರಡಕ್ಕೂ ಸೂಜಿಯೇ ಬೇಕು. ತಿಳಿ ಜೆಲ್ಲಿಯೊಳಗೆ ಬಣ್ಣದ ತೆಂಗಿನಹಾಲು ಚುಚ್ಚಿ ಸೇವಂತಿಗೆ ಬಿಡಿಸುವಾಗ ಅವಸರಪಟ್ಟರೆ ಎಸಳು ಒಡೆದು ಮೋಡವಾಗುತ್ತದೆ. ಇಪ್ಪತ್ತು ವರ್ಷಗಳಿಂದ ಅದು ಅವಳ ಹೆಬ್ಬೆರಳಿಗೆ ಗೊತ್ತು.

ಆ ಮಂಗಳವಾರ ಶ್ಯಾವಿಗೆ ಮಾರುವ ಉತ್ ಅಜ್ಜಿ ದೋಣಿಕಟ್ಟೆಯಲ್ಲಿ ಜಾರಿ, ಎಡಗಾಲಿನ ಕಣಕಾಲು ಮುರಿದುಕೊಂಡು ಬಂದಳು. ಎಪ್ಪತ್ತೆಂಟು ವರ್ಷ, ಸೋತ ಹೃದಯ. ಪೂರ್ತಿ ಎಚ್ಚರ ತಪ್ಪಿಸಿದರೆ ತಡೆಯಲಾರಳು. ಕಾಲು ಮರಗಟ್ಟಲೆಂದು ಸೊಂಟದ ಬಳಿ ಬೆನ್ನುಹುರಿಯ ಸುತ್ತಲಿನ ನೀರಿಗೆ ಚುಚ್ಚುವ ಮದ್ದು ಎರಡೂ ಕಡೆ ಹರಡಿ ರಕ್ತದೊತ್ತಡ ಕುಸಿದರೂ ಕೈಮೀರೀತು. ಸಕ್ಕರೆ ಬೆರೆತು ಆ ನೀರಿನ ತಳಕ್ಕಿಳಿಯುವ ಭಾರದ ಮದ್ದು ಸ್ವಲ್ಪವೇ ಹಾಕಿ, ಅದನ್ನು ಎಡಗಡೆಯಲ್ಲೇ ನಿಲ್ಲಿಸಬೇಕು. ಆದರೆ ಹೊಸ ವೈದ್ಯ ಖಿಯೆಮ್ ಮದ್ದನ್ನು ದಬಕ್ಕನೆ ತಳ್ಳುವವ. ಹೋದ ವಾರ ಒಬ್ಬರ ಒತ್ತಡ ಹಾಗೇ ಇಳಿದು, ಎಲ್ಲರ ಜೀವ ಬಾಯಿಗೆ ಬಂದಿತ್ತು.

"ಡಾಕ್ಟ್ರೇ, ನೀವು ತಳ್ಳೋದು ಜೋರು," ಎಂದಳು ಥಾಮ್.

"ಓಹೋ! ಜೆಲ್ಲಿ ಅಕ್ಕ ಈಗ ನನಗೆ ಪಾಠ ಹೇಳ್ತಾರಾ?"

"ಹೇಳಲ್ಲ, ತೋರಿಸ್ತೀನಿ. ಎರಡೇ ನಿಮಿಷ."

ಊಟದ ಕೋಣೆಯಲ್ಲಿ ಎರಡು ಲೋಟ ನೀರಿಟ್ಟಳು. ಸಿರಿಂಜಿಗೆ ಕೆಂಪು ಸಕ್ಕರೆಪಾಕ ತುಂಬಿದಳು. ಮೊದಲ ಲೋಟಕ್ಕೆ ಒಂದೇ ಒತ್ತು. ಪಾಕ ಬುಸುಗುಟ್ಟಿ ಲೋಟವೆಲ್ಲಾ ಕೆಂಪು. ಎರಡನೆಯದಕ್ಕೆ ಸೂಜಿಯ ಬಾಯನ್ನು ಕೆಳಮುಖ ಮಾಡಿ, ಉಸಿರು ಬಿಗಿಹಿಡಿದು, ಹನಿಹನಿ ಬಿಟ್ಟಳು. ಕೆಂಪು ದಾರದಂತೆ ಇಳಿದು ತಳದಲ್ಲಿ ಸುಮ್ಮನೆ ಮಲಗಿತು. ಮೇಲಿನ ನೀರು ಕದಡಲೇ ಇಲ್ಲ.

"ಬೆನ್ನು ಲೋಟ ಅಲ್ಲ, ಗೊತ್ತು," ಎಂದಳು. "ಆದ್ರೆ ಅಜ್ಜಿನ ಎಡಮಗ್ಗುಲಿಗೆ ಮಲಗಿಸಿದ್ರೆ, ಅವಳ ಎಡಗಡೆನೇ ತಳ."

ಖಿಯೆಮ್ ಬಗ್ಗಿ ನೋಡಿದ. ನಗಲಿಲ್ಲ. "ಎಷ್ಟು ಹೊತ್ತು ತಳ್ಳಬೇಕು?"

"ನಾನು ಎಣಿಸ್ತೀನಿ. ನಾನು ನಿಲ್ಲಿಸೋವರೆಗೂ ನೀವು ಮುಗಿಸ್ಬಾರ್ದು!"

ಅಜ್ಜಿಯನ್ನು ಮುರಿದ ಕಾಲಿನ ಮಗ್ಗುಲಿಗೆ ಮಲಗಿಸುವಾಗ ಅವಳು ಇಬ್ಬರ ಏಳು ತಲೆಮಾರನ್ನೂ ಬೈದಳು. ಸೂಜಿ ಒಳಹೋಯಿತು, ಬಾಯಿ ಕೆಳಕ್ಕೆ. ಥಾಮ್ ಎಣಿಸತೊಡಗಿದಳು. ಇಪ್ಪತ್ತಕ್ಕೆ ಖಿಯೆಮ್‌ನ ಹೆಬ್ಬೆರಳು ಚಡಪಡಿಸಿತು. "ಎಸಳು ಒಡೆಯುತ್ತೆ!" ಎಂದು ಗದರಿದಳು. ಬೆರಳು ಮತ್ತೆ ನಿಧಾನವಾಯಿತು. ಎಂಬತ್ತಕ್ಕೆ ಮುಗಿಯಿತು.

ಆಮೇಲೆ ಕಾಯುವುದು. ಅದೇ ಮಗ್ಗುಲಲ್ಲಿ ಹದಿನೈದು ನಿಮಿಷ. ಥಾಮ್‌ಳ ಕಣ್ಣು ಒತ್ತಡದ ಅಂಕಿಯಿಂದ ಕದಲಲಿಲ್ಲ. ನೂರ ಮೂವತ್ತು. ನೂರ ಇಪ್ಪತ್ತೆಂಟು. ಇಳಿಯುತ್ತದೆಯೇ? ಇಲ್ಲ. ನೂರ ಇಪ್ಪತ್ತೆಂಟು. ಎಡಪಾದಕ್ಕೆ ಚುಚ್ಚಿ ನೋಡಿದರು, ಅಜ್ಜಿಗೆ ಅರಿವೇ ಇಲ್ಲ. ಇನ್ನು ಬಲಗಾಲು? ತಣ್ಣಗಿನದು ತಿಳಿಯುತ್ತದೆಯೇ ಎಂದು ನೋಡಲು ಖಿಯೆಮ್ ಮಂಜುಗಡ್ಡೆಯ ತುಂಡು ಹಿಡಿದು ಬಾಗಿದ. ಇನ್ನೂ ಸೋಕಿಸಿರಲಿಲ್ಲ.

"ಏ ಥಾಮ್! ಬಲಗಾಲಿಗೆ ಚಳಿ ಕೊರೀತಿದೆ ಕಣೇ! ಆ ಎ.ಸಿ. ಯಾರಪ್ಪಂದು, ಆರಿಸು! ಹೊದ್ಸೋಕೆ ಏನೂ ಇಲ್ವಾ ನಿಮ್ಮ ಹತ್ರ?" ಅಜ್ಜಿ ಬಲಗಾಲು ಝಾಡಿಸಿದಳು, ಮಂಜುಗಡ್ಡೆ ಹಾರಿ ನೆಲಕ್ಕೆ ಬಿತ್ತು.

ಇಷ್ಟು ಸಿಹಿಯಾದ ಬೈಗುಳವನ್ನು ಥಾಮ್ ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಕಂಬಳಿ ತರಲು ಓಡಿದಳು. ಹಿಂದಿನಿಂದ ಖಿಯೆಮ್ ಕೂಗಿದ:

"ಅಕ್ಕಾ, ಆ ಎರಡನೇ ಲೋಟ ಚೆಲ್ಲಬೇಡಿ! ನಾಳೆ ಪಾಳಿಗೆ ಬರೋ ಡಾಕ್ಟ್ರಿಗೂ ತೋರಿಸ್ಬೇಕು!"