ಎತ್ತಿಕೊಳ್ಳುವ ಬೀದಿ, ಎತ್ತದ ಊರು

ಮಾವಳ್ಳಿಯ ನಮ್ಮ ಬೀದಿಯಲ್ಲಿ ನನ್ನ ಮಗಳನ್ನು ಎತ್ತಿಕೊಳ್ಳದವರು ಯಾರಿದ್ದಾರೆ ಹೇಳಿ! ಎಳೆಯ ವಯಸ್ಸಿನಲ್ಲೇ ಪೋಲಿಯೋ ಬಂದು ಅವಳ ಕಾಲೆರಡೂ ಸೋತವು. ಮನೆ ಮುಂದೆ ಎರಡು ಮೆಟ್ಟಿಲು, ಕೆಳಗೆ ಮೋರಿ, ಮೋರಿ ದಾಟಿದರೆ ಕಿತ್ತುಹೋದ ಫುಟ್‌ಪಾತ್. ಆದರೂ ಅವಳ ಸ್ಕೂಲು ತಪ್ಪಲಿಲ್ಲ. ನಾನು ಬಾಗಿಲಿಗೆ ಬಂದು "ಯಾರಾದ್ರೂ ಬನ್ರಪ್ಪಾ" ಅಂದರೆ ಸಾಕು, ಎದುರುಮನೆಯವರು ಅರ್ಧ ಶೇವ್ ಆದ ಮುಖದಲ್ಲೇ ಓಡಿ ಬರುತ್ತಿದ್ದರು, ಇಸ್ತ್ರಿ ಅಂಗಡಿಯವರು ಪೆಟ್ಟಿಗೆ ಬದಿಗಿಟ್ಟು ಬರುತ್ತಿದ್ದರು. ಒಬ್ಬರು ಅವಳನ್ನು, ಇನ್ನೊಬ್ಬರು ವೀಲ್‌ಚೇರನ್ನು ಎತ್ತಿ ಆಟೋದಲ್ಲಿ ಇಡುತ್ತಿದ್ದರು. ನನ್ನ ಗಂಡ ಕಲಾಸಿಪಾಳ್ಯದ ತರಕಾರಿ ಮಂಡಿಗೆ ಬೆಳಗಿನ ಜಾವವೇ ಹೊರಡುವವರು. ಅವರಿಲ್ಲದ ಕೊರತೆ ನನಗೆ ಗೊತ್ತೇ ಆಗಲಿಲ್ಲ. ಇಂಥ ಬೀದಿ ಸಿಗುವುದಕ್ಕೂ ಪುಣ್ಯ ಮಾಡಿರಬೇಕು ಎಂದು ಇವತ್ತಿಗೂ ಹೇಳುತ್ತೇನೆ.

ಆದರೆ ಹುಡುಗಿಗೆ ಹದಿನಾರಾಯಿತು. "ಅಮ್ಮ, ಇನ್ಮೇಲೆ ಯಾರೂ ನನ್ನ ಎತ್ಕೊಳೋದು ಬೇಡ. ನಾಚ್ಕೆ ಆಗತ್ತೆ" ಅಂದಳು. ಎತ್ತಿಕೊಂಡೇ ಹೋಗಬೇಕಾದರೆ ಪಿಯುಸಿಗೂ ಸೇರುವುದಿಲ್ಲವಂತೆ.

"ಮತ್ತೇನು, ಹಾರ್ಕೊಂಡ್ ಹೋಗ್ತೀಯೇನೇ?" ಎಂದು ನಾನು ರೇಗಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಇಷ್ಟು ಚೆನ್ನಾಗಿ ಓದುವ ಹುಡುಗಿ ಮೂಲೆ ಸೇರಿಬಿಟ್ಟರೆ ಏನು ಗತಿ?

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸಿಂಗಪುರದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನ್ನ ತಮ್ಮ, ಆ ಬೇಸಿಗೆ ರಜೆಯಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡ.

ಮೊದಲ ದಿನವೇ ಬಸ್ ಸ್ಟಾಪಿನಲ್ಲಿ ನನ್ನ ಮಾನ ಹೋಯಿತು. ಬಸ್ಸು ಬಂದದ್ದೇ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಟೈ ಕಟ್ಟಿದ್ದ ಒಬ್ಬ ಚೀನೀಯನ ತೋಳು ಹಿಡಿದು "ಸ್ವಲ್ಪ ಕೈ ಹಾಕಿ ಅಣ್ಣಾ" ಅಂದೆ. ಪಾಪ, ಅವನು ಹೌಹಾರಿದ. ಅಷ್ಟರಲ್ಲಿ ಡ್ರೈವರ್ ಇಳಿದು ಬಂದು, ಬಾಗಿಲಲ್ಲಿ ಮಡಚಿಟ್ಟಿದ್ದ ಹಲಗೆಯನ್ನು ಬಿಡಿಸಿ ಫುಟ್‌ಪಾತಿಗೆ ತಾಗಿಸಿದ. ನನ್ನ ಮಗಳು ತಾನೇ ಚಕ್ರ ತಿರುಗಿಸಿಕೊಂಡು ಸರ್ರನೆ ಒಳಗೆ ಹೋದಳು. ಕೂತಿದ್ದವರು ತಲೆ ಎತ್ತಿಯೂ ನೋಡಲಿಲ್ಲ, ಒಬ್ಬರ ಬಾಯಲ್ಲೂ 'ಅಯ್ಯೋ ಪಾಪ' ಇಲ್ಲ. ಹಾಗೆ ನೋಡದೇ ಇರುವುದೂ ಒಂದು ಮರ್ಯಾದೆಯೇ. ಆ ಊರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

"ಅಮ್ಮ, ಮೊದ್ಲು ಆ ಅಂಕಲ್ ಕೈ ಬಿಡು!" ಅವಳು ಒಳಗಿಂದ ನಗುತ್ತಿದ್ದಳು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ.

ಅಲ್ಲಿ ಇದ್ದಷ್ಟು ದಿನವೂ ಅವಳು ಯಾರ ಕೈಗೂ ಸಿಗಲಿಲ್ಲ. ಲಿಫ್ಟಿನಲ್ಲಿ ಇಳಿಯುವುದೇನು, ಅಂಗಡಿಗೆ ಹೋಗುವುದೇನು! ಹೊರಡುವ ಹೊತ್ತಿಗೆ ತಮ್ಮ "ಅಕ್ಕಾ, ಇವ್ಳು ಇಲ್ಲೇ ಇರ್ಲಿ. ಹೇಗಾದ್ರೂ ಮಾಡಿ ನಾನೇ ಓದಿಸ್ತೀನಿ" ಅಂದ. ಅವಳ ಒಳ್ಳೆಯದಕ್ಕೆ ಅಂತ ಅಳುತ್ತಲೇ ತಲೆಯಾಡಿಸಿದೆ.

"ನೀವಿಬ್ರೇ ಡಿಸೈಡ್ ಮಾಡ್ಬಿಟ್ರಾ?" ಎಂದು ಅವಳು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿದಳು. "ಬೇಡ ಮಾವ. ಒಂದು ಹಲಗೆ ತಾನೇ? ಅಪ್ಪನ ಮಂಡೀಲಿ ಮೂಟೆ ಇಳ್ಸಕ್ಕೆ ಬೇಕಾದಷ್ಟಿದೆ. ಅದಕ್ಕೋಸ್ಕರ ನಾನ್ಯಾಕೆ ನಮ್ಮ ಬೀದಿ ಬಿಡ್ಲಿ?"

ಊರಿಗೆ ವಾಪಸ್ ಬಂದ ಮೇಲೆ ಅದನ್ನು ಕೇಳಿ ನನ್ನ ಗಂಡ ಮಂಡಿಯಲ್ಲಿದ್ದ ಅತಿ ಉದ್ದದ, ಅತಿ ದಪ್ಪದ ಹಲಗೆಯನ್ನೇ ತಂದು ಮೆಟ್ಟಿಲ ಮೇಲಿಂದ ಮೋರಿಯಾಚೆವರೆಗೂ ಕೂರಿಸಿದರು. ಇಸ್ತ್ರಿ ಅಂಗಡಿಯವರೂ ಎದುರುಮನೆಯವರೂ ಸೇರಿ ಒಂದು ಭಾನುವಾರ ಸಿಮೆಂಟು ಕಲಸಿ ಬೀದಿಯ ಕೊನೆಯವರೆಗೂ ಫುಟ್‌ಪಾತ್ ಸರಿ ಮಾಡಿದರು. ಯಾರೂ ಅವರನ್ನು ಕೇಳಿಕೊಂಡಿರಲಿಲ್ಲ.

ಆದರೆ ಅವಳು ಮೊದಲ ಸಲ ಹಲಗೆ ಇಳಿಯುವಾಗ ಅಭ್ಯಾಸ ಬಿಡಬೇಕಲ್ಲ! ಎಲ್ಲರೂ ಕೈ ಚಾಚಿಕೊಂಡೇ ಬಂದರು.

"ಬೇಡ ಅಂಕಲ್, ನಾನೇ ಹೋಗ್ತೀನಿ."

ಇಸ್ತ್ರಿ ಅಂಗಡಿಯವರ ಮುಖ ಸಣ್ಣಗಾಯಿತು. "ಹೋಗ್ಲಿ, ಹಿಂದೆ ನಿಂತ್ಕೊಳ್ಲೇನಮ್ಮಾ?"

"ನಿಂತ್ಕೊಳಿ. ಮುಟ್ಬೇಡಿ, ಅಷ್ಟೆ."

ಅವರು ಕೈ ಕಟ್ಟಿಕೊಂಡು ನಿಂತರು. ನಾನೂ ನಿಂತೆ. ಎಷ್ಟು ಕಷ್ಟದ ಕೆಲಸ ಅದು!

ಅವಳು ತಾನೇ ಚಕ್ರ ತಿರುಗಿಸಿಕೊಂಡು ಹೋಗುವಷ್ಟು ಹತ್ತಿರದ ಕಾಲೇಜು ಸೇರಿದಳು. ಒಂದು ಮಧ್ಯಾಹ್ನ ಮೂಲೆ ಅಂಗಡಿಯಿಂದ ಪೆನ್ನು ತರುತ್ತೇನೆಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ನೋಡಿದರೆ ಬೀದಿಯ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ, ಪೆನ್ನು ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಇದ್ದಾಳೆ.

"ಎಲ್ಲೇ ಹಾಳಾಗಿ ಹೋಗಿದ್ದೆ? ಜೀವ ಬಾಯಿಗೆ ಬಂದಿತ್ತಲ್ಲೇ!"

"ಇಲ್ಲೇ ಇದ್ನಲ್ಲಮ್ಮ, ಸುಮ್ನೆ ನೋಡ್ತಾ" ಅಂದಳು. "ಎತ್ಕೊಂಡ್ ಹೋಗೋರು ಓಡ್ತಾನೇ ಇರ್ತಾರೆ. ಇಲ್ಲೊಂಚೂರು ನಿಲ್ಸಿ ಅಂತ ಹೆಂಗಮ್ಮ ಹೇಳೋದು? ಅವ್ರಿಗೆ ಕೈ ನೋಯಲ್ವಾ?"

ಬೈಯಲೆಂದು ಹೋದವಳು ನಾನು. ಮರದ ಕಟ್ಟೆಯ ಮೇಲೆ ಅವಳ ಪಕ್ಕದಲ್ಲಿ ಕೂತೆ.

"ಏನ್ ನೋಡ್ತಿದ್ದೆ," ಅಂದೆ, "ನಂಗೂ ತೋರ್ಸು."