ಕಾಫಿ ಸಾಲಿನ ಎರಡು ಪದಗಳು

ಮಾದಿ, ಅಂದು ಬಸ್ಸಿನಲ್ಲಿ ನೀನು ಕೇಳಿದ್ದಕ್ಕೆ "ಸರಿ" ಅಂದೆನಲ್ಲ — ಅದು ಸುಳ್ಳು. ಗೊತ್ತಿದ್ದೇ ಹೇಳಿದ ಸುಳ್ಳು.

ಬತ್ತೇರಿ ಪೇಟೆಯ ಟ್ಯೂಷನ್ ಸೆಂಟರಿನಲ್ಲಿ ಇಂಗ್ಲಿಷ್ ಕಲಿಸುವ ಒಂದೇ ಕೆಲಸ, ಸಂದರ್ಶನಕ್ಕೆ ಹೊರಟವರು ನಾವಿಬ್ಬರು. ಡಿಗ್ರಿ ಇದ್ದದ್ದು ನನಗೆ. ಆದರೆ ಮಕ್ಕಳನ್ನು ಮಲಯಾಳದಲ್ಲಿ ನಗಿಸಿ ಕಲಿಸಬಲ್ಲವಳು ನೀನು. ಅದಕ್ಕೇ ಹೆದರಿದ್ದೆ.

ಗೊಂದಲವಾಗುವ ಇಂಗ್ಲಿಷ್ ಪದಗಳನ್ನು ನೀನು ಕಲಿತದ್ದು ಮರಕ್ಕಡವಿನ ತೋಟದಲ್ಲಿ, ಕೂಲಿಗೆ ಕಾಫಿ ಹಣ್ಣು ಬಿಡಿಸುತ್ತ. ನೆನಪಿನ ಗುರುತಿಗೆ, ಸಾಲಿನ ಎಡಗಡೆ ಗಿಡಗಳು ಸೆನ್ಸಿಬಲ್ — ವಿವೇಕವುಳ್ಳವು. ಬಲಗಡೆಯವು ಸೆನ್ಸಿಟಿವ್ — ಬೇಗ ನೊಂದುಕೊಳ್ಳುವಂಥವು. ಸಾಲಿನ ತುದಿ ಮುಟ್ಟಿ ತಿರುಗಿ ಬರುವಾಗ ಎಡಗಡೆ ಇದ್ದದ್ದು ಬಲಗಡೆಯಾಗುತ್ತದೆ, ಅರ್ಥಗಳೂ ಅದಲುಬದಲಾಗುತ್ತವೆ. ನೀನು ಗಮನಿಸಲಿಲ್ಲ. ಜೊತೆಗೆ ನಡೆಯುತ್ತಿದ್ದ ನಾನು ಗಮನಿಸಿದ್ದೆ.

ಸಂದರ್ಶನದ ದಿನ ಬಸ್ಸಿನಲ್ಲಿ ನೀನು ಕೇಳಿದೆ: "ಅಕ್ಕಾ, ಸೆನ್ಸಿಬಲ್ ಅಂದ್ರೆ ನಿನ್ನ ಥರ, ಒಂದು ಮಾತಿಗೆ ಮೂರು ದಿನ ಮುಖ ಊದಿಸ್ಕೊಳ್ಳೋರು. ಸೆನ್ಸಿಟಿವ್ ಅಂದ್ರೆ ನನ್ನ ಥರ, ಬುದ್ಧಿ ಇರೋರು! ಸರಿ ತಾನೆ?"

"ಸರಿ."

ಸಂದರ್ಶನದ ಕೋಣೆಯೊಳಗೆ ಆ ಎರಡು ಪದಗಳನ್ನೇ ಕೇಳಿದರು. ನೀನು ತಡವರಿಸದೆ ಹೇಳಿದೆ — ಬಾಗಿಲಾಚೆ ನನಗೆ ಕೇಳಿಸುತ್ತಿತ್ತು. ಕೆಲಸ ನನಗಾಯಿತು. ವಾಪಸು ಬರುವಾಗ ಕಿಟಕಿ ಪಕ್ಕದ ಸೀಟು ನನಗೇ ಬಿಟ್ಟುಕೊಟ್ಟು, "ಕೆಲಸ ಸಿಕ್ಕಿದವಳೇ ಅಳ್ತಾಳಲ್ಲಪ್ಪಾ!" ಎಂದು ಸೆರಗಿನಲ್ಲಿ ನನ್ನ ಕಣ್ಣು ಒರೆಸಿದೆ. ಆಗಲಾದರೂ ಹೇಳಬಹುದಿತ್ತು —

ನಾಲ್ಕು ವರ್ಷವಾಯಿತು. ಈ ವಾರ ನಿನ್ನ ತಂಗಿ ನನ್ನ ಕ್ಲಾಸಿನಲ್ಲಿ ಎದ್ದು ನಿಂತು ಅದೇ ಅದಲುಬದಲು ಅರ್ಥ ಹೇಳಿದಳು. ನೋಟ್‌ಬುಕ್ಕಿನಲ್ಲಿ ನಿನ್ನದೇ ದುಂಡು ಅಕ್ಷರ. ನಾನು ತಿದ್ದಿದೆ. ಅವಳು ರಬ್ಬರಿನಿಂದ ಉಜ್ಜುತ್ತ ಮೆಲ್ಲಗೆ ಅಂದಳು: "ಅಕ್ಕನಿಗೆ ಇಂಗ್ಲಿಷ್ ಅಷ್ಟು ಬರಲ್ಲ ಟೀಚರ್. ಪಾಪ, ಸರಿ ಅಂದ್ಕೊಂಡೇ ಬರೆದುಕೊಟ್ಟಿದ್ದಾಳೆ."

ಆ ಮಗುವಿನ ಮುಂದೆಯೂ ನಿಜ ಮುಚ್ಚಿಟ್ಟು ಮುಂದಿನ ಪದಕ್ಕೆ ಹೋದೆ. ನಿನ್ನಿಂದ ಕೆಲಸ ಕಸಿದೆ ಎಂದು ಇಷ್ಟು ದಿನ ಒಳಗೊಳಗೇ ಒಪ್ಪಿಕೊಂಡಿದ್ದೆ. ತಂಗಿಯ ಕಣ್ಣಿನಲ್ಲಿ ನಿನ್ನನ್ನು ಇಷ್ಟು ಸಣ್ಣವಳಾಗಿಸಿದ್ದೇನೆಂದು ತಿಳಿದಿರಲಿಲ್ಲ.

ಕುಯ್ಲು ಇನ್ನೂ ಮುಗಿದಿಲ್ಲವಂತೆ. ಭಾನುವಾರ ತೋಟಕ್ಕೆ ಬರುತ್ತೇನೆ, ನಿನ್ನ ತಂಗಿಯನ್ನೂ ಕರೆದುಕೊಂಡು. ಈ ಕಾಗದವನ್ನು ಅವಳೆದುರೇ ನಾನು ಗಟ್ಟಿಯಾಗಿ ಓದುತ್ತೇನೆ. ಆಮೇಲೆ ನೀನು ಏನು ಹೇಳಿದರೂ ಮುಖ ಊದಿಸಿಕೊಳ್ಳುವುದಿಲ್ಲ, ಮಾದಿ. ಏನೂ ಹೇಳದೆ ಸಾಲಿನೊಳಗೆ ಹೋದರೂ, ನೀನು ತಿರುಗಿ ಬರುವವರೆಗೆ ಈ ತುದಿಯಲ್ಲಿ ನಿಂತಿರುತ್ತೇನೆ.