ಮೇಲೊಕ್ಕಣೆ ಇಲ್ಲದ ಕೊಟೇಶನ್

ಆ ದಿನ ನಲ್ಲಿ ನೀರು ಆರು ಗಂಟೆಗೇ ಬಂತು. ಡ್ರಮ್ಮು, ಹಂಡೆ, ಕೊನೆಗೆ ಸಾರಿನ ಪಾತ್ರೆಯನ್ನೂ ತುಂಬಿಸಿಕೊಂಡೆ. ಮಂಡಕ್ಕಿ ಒಗ್ಗರಣೆ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿ, ಹತ್ತಕ್ಕೆ ಕರೆಂಟು ಹೋಗುವ ಮುಂಚೆ ಕಂಪ್ಯೂಟರಿನ ಮುಂದೆ ಕೂತೆ.

ಚಿತ್ರದುರ್ಗದಲ್ಲಿ ನಮ್ಮ ಮನೆಯವರದು ಗ್ರಿಲ್, ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಷಾಪು. ಮದುವೆಯಾದಾಗಿನಿಂದ ಅಲ್ಲಿಯ ಕೊಟೇಶನ್‌ಗಳನ್ನು ಕೈಯಲ್ಲಿ ಬರೆಯುತ್ತಿದ್ದವಳು ನಾನು. ಎರಡು ಸಾವಿರದ ಇಸವಿ ಕಳೆದ ಮೇಲೆ ಮನೆಗೆ ಕಂಪ್ಯೂಟರ್ ಬಂತು, ಕೊಟೇಶನ್ ಮಾಡುವ ಸಾಫ್ಟ್‌ವೇರೂ ಬಂತು. ಮತ್ತೆ ಮತ್ತೆ ಬೇಕಾಗುವ ಮಾತುಗಳನ್ನು ಒಮ್ಮೆ ಟೈಪು ಮಾಡಿ, ಹೆಸರಿಟ್ಟು ಉಳಿಸಿಕೊಂಡರೆ ಮುಗಿಯಿತು. ಆಮೇಲೆ ಆ ಹೆಸರನ್ನು ಒತ್ತಿದರೆ ಸಾಕು, ಇಡೀ ಒಕ್ಕಣೆ ಕಾಗದದ ಮೇಲೆ ಬಂದು ಕೂರುತ್ತಿತ್ತು. ನಾನು ‘ಮನೆ’, ‘ಶಾಲೆ’, ‘ಅಂಗಡಿ’ ಎಂದು ಮೂರು ಮಾಡಿಟ್ಟಿದ್ದೆ. ವಿಷಯಕ್ಕೆ ಹೋಗುವ ಮುಂಚೆ ಎರಡು ಒಳ್ಳೆಯ ಮಾತು ಬರೆಯಬೇಕೆಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಹಾಗಾಗಿ ‘ಮನೆ’ ಒತ್ತಿದರೆ ಮೊದಲು ಬರುತ್ತಿದ್ದುದು ಹೀಗೆ: ‘ತಮ್ಮ ಹೊಸ ಮನೆಗೆ ನಮ್ಮ ಹಾರ್ದಿಕ ಶುಭಾಶಯಗಳು. ಈ ಶುಭಕಾರ್ಯದಲ್ಲಿ ಸೇವೆಗೆ ಅವಕಾಶ ಕೊಟ್ಟಿದ್ದಕ್ಕೆ ಸಂತೋಷವಾಗಿದೆ.’

ಹಿಂದಿನ ಸಂಜೆ ಮನೆಯವರು ಚೀಟಿ ಕೊಟ್ಟಿದ್ದರು. ಜವನಗೊಂಡನಹಳ್ಳಿ ಕಡೆಯ ಒಬ್ಬ ಕುರಿಗಾರರ ಹೆಸರು, ಎಂಟಡಿ ಉದ್ದ, ಐದಡಿ ಅಗಲ, ನಾಲ್ಕೂ ಕಡೆ ಗ್ರಿಲ್, ಒಂದು ಸಣ್ಣ ಗೇಟು. ಹೊಸ ಮನೆಯ ತುಳಸಿಕಟ್ಟೆಗೋ ನೀರಿನ ಪಂಪಿಗೋ ಇರಬೇಕು ಎಂದುಕೊಂಡು ‘ಮನೆ’ ಒತ್ತಿದೆ. ಪ್ರಿಂಟು ತೆಗೆದು ಕವರಿಗೆ ಹಾಕಿ ಅಂಟಿಸಿ, ಷಾಪಿಗೆ ಹೊರಟಿದ್ದ ಮನೆಯವರ ಕೈಗೆ ಕೊಟ್ಟೆ.

ಮಧ್ಯಾಹ್ನ ಮನೆಯವರು ಊಟಕ್ಕೆ ಬಂದರು. ಕೈ ತೊಳೆಯುತ್ತಾ ಅಂದರು:

“ಆ ಅಜ್ಜ ಬಂದು ಕವರ್ ತಗಂಡು ಹೋದ್ರು. ಪಾಪ, ಹೆಂಡ್ತಿ ಸಮಾಧಿ ಮ್ಯಾಲೆ ಕುರಿ ಹತ್ತತಾವಂತೆ, ಅದ್ಕೇ ಗ್ರಿಲ್ಲು.”

ಸೌಟು ಕೆಳಗಿಟ್ಟು ಅವರ ಕಡೆ ತಿರುಗಿದೆ.

“ರೀ, ಸಮಾಧಿಗಾ? ಚೀಟೀಲಿ ಬರೀಬಾರ್ದಾ?”

“ಯಾಕೆ, ಏನ್ ಬರ್ದಿದೀಯ?”

ಹೇಳಿದೆ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದುಬಿಟ್ಟರು. “ಅವ್ರಿಗೆ ಓದಾಕೆ ಬರಲ್ಲ. ಸಂಜೆ ತಮ್ಮಂದ್ರನ್ನ ಕೂರಿಸ್ಕಂಡು ಯಾರ ಕೈಲಾದ್ರೂ ಓದಿಸ್ತಾರಂತೆ. ನಡಿ, ಬಸ್ಸು ಇನ್ನೂ ಬಿಟ್ಟಿರಲ್ಲ.”

ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಹೋದೆವು. ಅಜ್ಜ ಹಿರಿಯೂರು ಬಸ್ಸು ನಿಲ್ಲುವ ಕಡೆ ಕಂಬಳಿ ಮಡಚಿ ಹಾಕಿಕೊಂಡು ಕೂತು ಬಾಳೆಹಣ್ಣು ಸುಲಿಯುತ್ತಿದ್ದರು. ಕವರು ಅಂಗಿಯ ಒಳಜೇಬಿನಲ್ಲಿತ್ತು, ಅದರ ತುದಿ ಕಾಣುತ್ತಿತ್ತು.

“ಯಾಕ್ರಪ್ಪಾ, ಗಂಡ ಹೆಂಡ್ತಿ ಇಬ್ರೂ ಬಂದೀರಿ? ರೇಟು ಏರ್ಸಾಕಾ?”

“ಇಲ್ಲ ಅಜ್ಜ. ಅದ್ರಾಗೆ ನಾನು ತಪ್ಪು ಬರ್ದೀನಿ. ಬೇರೆ ಕೊಡ್ತೀನಿ, ಅದನ್ನ ಕೊಟ್ಬಿಡ್ರಿ.”

“ಏನ್ ತಪ್ಪು? ಓದ್ ತಾಯಿ, ಕೇಳಾಣ.”

ಕವರು ಹರಿದು ಎರಡು ಸಾಲನ್ನೂ ಓದಿದೆ. ಶುಭಕಾರ್ಯ ಎಂಬಲ್ಲಿ ದನಿ ಇಳಿಯಿತು. ಅಜ್ಜ ಹಣ್ಣನ್ನು ತಿನ್ನದೆ ಸಿಪ್ಪೆ ಮತ್ತೆ ಮುಚ್ಚಿ ಕಂಬಳಿಯ ಮೇಲಿಟ್ಟರು.

“ಒಳ್ಳೇದಾತು ಬಂದಿದ್ದು,” ಅಂದರು. “ನನ್ ತಮ್ಮಂಗೆ ಮೊದ್ಲೇ ಮನಸಿಲ್ಲ. ಹೊಲ ಎಲ್ರದೂ, ಅದ್ರಾಗೆ ಕಬ್ಬಿಣ ಯಾಕೆ ನೆಡ್ತೀಯ ಅಂತಾನೆ. ಇದನ್ನ ಕೇಳಿದ್ರೆ, ನೋಡು, ಸತ್ತೋಳಿಗೆ ಶುಭಾಶಯ ತಂದವ್ನೆ ಅಂತ ಒಲೆಗ್ ಹಾಕ್ತಿದ್ದ. ಅಲ್ಲಿಗೆ ಗ್ರಿಲ್ಲೂ ಮುಗೀತಿತ್ತು.”

“ಮನೆಗೆ ಬರ್ರಿ ಅಜ್ಜ, ಬೇರೆ ಪ್ರಿಂಟು ತೆಗ್ದು ಕೊಡ್ತೀನಿ,” ಎಂದೆ. ಹೇಳಿದ ಮೇಲೆ ನೆನಪಾಯಿತು, ಕರೆಂಟು ಇರಲಿಲ್ಲ.

“ಬಸ್ಸು ಹೋಗ್ತೈತೆ. ಇಲ್ಲೇ ಕೈಯಾಗೆ ಬರ್ಕೊಡು.”

“ಮೇಲೆ ಏನಂತ ಬರೀಲಿ?”

“ಏನೂ ಬ್ಯಾಡ. ಉದ್ದ, ಅಗಲ, ರೂಪಾಯಿ. ಬಾಗ್ಲು ಮೂಡಣಕ್ಕೆ ಇರ್ಲಿ. ಕುರಿಮರಿ ತೂರದಂಗೆ ಸಂದು ಸಣ್ಣದಿರ್ಲಿ.”

ಅಜ್ಜ ಹೇಳಿದ ಮೇಲೆಯೇ ನಮಗೆ ಹೊಳೆದದ್ದು, ಮರಿಯ ಲೆಕ್ಕವನ್ನು ನಾವು ಹಿಡಿದೇ ಇರಲಿಲ್ಲ. ಮಾಮೂಲಿ ಗ್ರಿಲ್ಲಿನ ಸಂದು ಬಿಟ್ಟು ಮಾಡಿದ್ದರೆ ಮರಿಗಳು ಸಲೀಸಾಗಿ ಒಳಗೆ ನುಗ್ಗುತ್ತಿದ್ದವು. ಸರಳು ಹೆಚ್ಚು ಬೇಕಾಗುತ್ತದೆ ಎಂದು ಮನೆಯವರು ಬೆರಳು ಮಡಚಿದರು, ಆದರೆ ರೇಟು ಅದೇ ಇರಲಿ ಎಂದರು. ಮೊಣಕಾಲ ಮೇಲೆ ಕವರಿಟ್ಟು, ಪ್ರಿಂಟಿನ ಖಾಲಿ ಬೆನ್ನಿಗೆ ಬರೆಯಹೊರಟು ನಿಲ್ಲಿಸಿದೆ. ಮಗುಚಿದರೆ ಅದೇ ಸಾಲುಗಳು. ಪಕ್ಕದ ಅಂಗಡಿಯಲ್ಲಿ ಒಂದು ಹಾಳೆ ಕೇಳಿ ತಂದು ಬರೆದೆ. ಆರು ಸಾಲು. ಅಜ್ಜ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಬಸ್ಸು ಹತ್ತಿದರು.

ಮಧ್ಯಾಹ್ನವೆಲ್ಲ ಯಾವ ಕೆಲಸವೂ ಸಾಗಲಿಲ್ಲ. ಕರೆಂಟು ಬಂದ ಮೇಲೆ ಮೂರೂ ಒಕ್ಕಣೆಗಳನ್ನು ತೆರೆದು ಒಂದೊಂದನ್ನೂ ಗಟ್ಟಿಯಾಗಿ ಓದಿದೆ. ನಾಲ್ಕನೆಯದೊಂದನ್ನು ಮಾಡಿದೆ. ಅದರಲ್ಲಿ ದಿನಾಂಕ, ಅಳತೆ ಇಷ್ಟೇ. ಕೆಳಗೆ ಒಂದು ಪ್ರಶ್ನೆ ಸೇರಿಸಿದೆ, ನನಗೇ: ‘ಯಾತಕ್ಕೆ ಎಂದು ಕೇಳಿದೆಯಾ?’ ಪ್ರಿಂಟಿಗೆ ಮುಂಚೆ ಅದನ್ನು ಅಳಿಸಬೇಕು.

ಏಳರ ಸುಮಾರಿಗೆ ಫೋನು ಬಂತು. ಊರಿನ ಕಾಯಿನ್ ಬಾಕ್ಸಿನಿಂದ ಅಜ್ಜ. “ಓದಿಸ್ದೆ ತಾಯಿ. ಬಾಗ್ಲು ಮೂಡಣಕ್ಕೆ ಅಂದಿದ್ದು ಕೇಳಿ, ಗುಡಿಗಿದ್ದಂಗೆ ಐತಲ್ಲ, ಹಾಕ್ಸು ಅಂದ ತಮ್ಮ. ನಿಮ್ಮನೆಯವ್ರಿಗೆ ಸೋಮವಾರ ಅಳತೆಗೆ ಬರಾಕೆ ಹೇಳು.” ಮಾತು ಮುಗಿಯುವಷ್ಟರಲ್ಲಿ ಕಟ್ಟಾಯಿತು.

ಅಷ್ಟರಲ್ಲಿ ಎದುರು ಮನೆಯಾಕೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಬಟ್ಟಲು ಹಿಡಿದು ನಿಂತೇ ಪರದೆಯ ಕಡೆ ಬಗ್ಗಿ ನೋಡಿದರು.

“ಒತ್ತಿದ್ರೆ ಎಲ್ಲ ಅದೇ ಬರ್ಕಂತೈತಂತಲ್ರೀ. ನಮ್ಮ ಹುಡುಗಿ ಮದ್ವೆ ಕಾಗ್ದನೂ ಇದ್ರಾಗೇ ಮಾಡ್ಕೊಡ್ರಿ. ಹೆಸ್ರು ಬದ್ಲಾಯ್ಸಿದ್ರಾತು, ಐದ್ ನಿಮಿಷದ ಕೆಲ್ಸ.”